ರಾಶಿಯ ಮುಂದೆ ಕೂತ ಅಳಿಯ

ತರಕಾರಿ ಮಾರುಕಟ್ಟೆಯ ದೊಡ್ಡ ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ನಾಲ್ಕನೇ ಕಂಬ. ಆ ಕಂಬಕ್ಕೆ ಬೆನ್ನು ಕೊಟ್ಟು ಅಕ್ಕ ಮೂವತ್ತೊಂದು ವರ್ಷದಿಂದ ಟೊಮೆಟೊ ಮಾರುತ್ತಿದ್ದಾಳೆ. ಅವಳ ಬೆನ್ನು ತಾಗುವಷ್ಟು ಜಾಗದಲ್ಲಿ ಕಂಬದ ಬಣ್ಣವೆಲ್ಲ ಹೋಗಿ ಸಿಮೆಂಟು ಕಾಣುತ್ತದೆ. ಇಡೀ ಮಾರುಕಟ್ಟೆಗೆ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ, ಪಿಂಚಣಿ ತಗೊಳ್ಳುವ ಮೇಷ್ಟ್ರೂ ಹಲ್ಲು ಬಿಟ್ಟುಕೊಂಡು ಅಕ್ಕ ಅಂತಲೇ ಕರೆಯುತ್ತಾರೆ. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು, ಈಗ ರೂಢಿಯಾಗಿದೆ.

ಅಕ್ಕ ಗಿರಾಕಿಯ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಮುಖ ಸುಳ್ಳು ಹೇಳುತ್ತದೆ, ಕೈಗೆ ಅಷ್ಟು ಜಾಣತನ ಎಲ್ಲಿ ಬರಬೇಕು? ಆಸ್ಪತ್ರೆಯ ನರ್ಸಮ್ಮ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾಳೆ, ಥೇಟ್ ರೋಗಿಯ ಹೊಟ್ಟೆ ಒತ್ತಿದ ಹಾಗೆ. ಮೇಷ್ಟ್ರು ತೊಟ್ಟಿನ ಹತ್ತಿರ ಮೂಗಿಟ್ಟು ಮೂಸುತ್ತಾರೆ. ಮೂರು ಹಣ್ಣು ಬೇಕಾದವರೂ ಮೂವತ್ತು ಹಣ್ಣು ಮುಟ್ಟದೆ ಹೋಗುವವರಲ್ಲ. ಪಕ್ಕದ ಈರುಳ್ಳಿಯವನು "ಮುಟ್ಟಬೇಡ್ರೀ, ಎಲ್ಲಾ ಒಂದೇ ಮಾಲು" ಅಂತ ದಿನವಿಡೀ ಬಾಯಿ ಬಡಕೊಳ್ಳುತ್ತಾನೆ. ಅಕ್ಕ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಮುಟ್ಟಲಿ ಬಿಡಿ.

ಅವಳ ಹತ್ತಿರ ಒಂದು ವಿದ್ಯೆ ಇತ್ತು. ಬೆಳಿಗ್ಗೆ ರಾಶಿ ಕಟ್ಟುವಾಗ ಒಡೆದ ಹಣ್ಣೊಂದನ್ನು ಹುಡುಕಿ, ಎಲ್ಲರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನ ನಡುಮಧ್ಯೆ ಕೂರಿಸುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ಅಳಿಯ. ಯಾಕೆ ಅಂತ ಕೇಳಿದರೆ, "ಎಲ್ಲರಿಗಿಂತ ಮುಂದೆ ಕೂತಿರ್ತಾನೆ, ಕೆಲಸಕ್ಕೆ ಬರಲ್ಲ, ಬಂದವರೆಲ್ಲಾ ಅವನನ್ನೇ ನೋಡ್ತಾರೆ. ಇನ್ನೇನಂತ ಕರೀಲಿ?" ಅನ್ನುತ್ತಿದ್ದಳು.

ಅಳಿಯನ ಕೆಲಸ ಇಷ್ಟೇ. ಗಿರಾಕಿ ಬಂದ ಕೂಡಲೇ ಅವನನ್ನು ಕಂಡು, ಎತ್ತಿ, "ಏನಕ್ಕಾ, ಇದನ್ನೂ ಮಾರ್ತೀಯಾ?" ಅಂತ ಜಂಬದಿಂದ ಪಕ್ಕಕ್ಕಿಡಬೇಕು. "ಅಯ್ಯೋ, ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡಿ, ನಿಮ್ಮ ಕಣ್ಣು ಭಾರಿ ಚುರುಕು" ಅಂತ ಅಕ್ಕ ಕೆನ್ನೆಗೆ ಕೈ ಹಚ್ಚಬೇಕು. ಅಲ್ಲಿಗೆ ಮುಗಿಯಿತು. ಮೋಸ ಹಿಡಿದುಬಿಟ್ಟೆ ಅನ್ನುವ ಖುಷಿಯಲ್ಲಿ ಗಿರಾಕಿ ಉಳಿದದ್ದನ್ನು ಅರ್ಧ ನೋಡಿ ಅರ್ಧ ನೋಡದೆ ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದ. ಅವನು ಬೆನ್ನು ತಿರುಗಿಸಿದ ಮೇಲೆ ಅಳಿಯ ಮತ್ತೆ ತನ್ನ ಜಾಗಕ್ಕೆ.

ಹಾಗಂತ ಅಳಿಯನನ್ನು ಅವಳು ಯಾರಿಗೂ ತೂಗಿ ಕೊಟ್ಟವಳಲ್ಲ, ಆ ಮಾತು ಹೇಳಲೇಬೇಕು. ಸಂಜೆ ಅವನು ಅವಳ ಬುಟ್ಟಿಯಲ್ಲೇ ಮನೆಗೆ ಹೋಗುತ್ತಿದ್ದ, ಮಾರಾಟವಾಗದೆ ಉಳಿದ ಇನ್ನಷ್ಟು ಮೆತ್ತಗಾದವರ ಜೊತೆಗೆ. ಮನೆಯಲ್ಲಿ ತರಕಾರಿ ಹೆಚ್ಚುವುದು ಗಂಡನ ಪಾಲಿನ ಕೆಲಸ. ಅವನು ದರ್ಜಿ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು, ಹಣ್ಣನ್ನು ಅತ್ತ ಇತ್ತ ತಿರುಗಿಸಿ, ಕೆಟ್ಟ ಭಾಗ ಕೆತ್ತಿ ಬಿಸಾಕಿ, ಉಳಿದದ್ದನ್ನು ಹೆಚ್ಚುತ್ತಿದ್ದ. ಅವರಿಗಿದ್ದ ಇಬ್ಬರೂ ಗಂಡುಮಕ್ಕಳು. "ಹೆಣ್ಣುಮಗಳಿಲ್ಲದ ಮನೆಗೆ ದಿನಕ್ಕೊಬ್ಬ ಅಳಿಯ ಬರ್ತಾನಲ್ಲೇ, ನಮ್ಮಂಥ ಭಾಗ್ಯ ಯಾರಿಗುಂಟು?" ಅಂತ ಅವನು ನಗುತ್ತಿದ್ದ.

ಇನ್ನು ತಮ್ಮನ ವಿಷಯ. ಅಕ್ಕನಿಗೆ ಒಬ್ಬನೇ ತಮ್ಮ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು, ಆಗಿನಿಂದ ಮದುವೆಯಾಗುವ ತನಕ ಅಕ್ಕನ ಮನೆಯಲ್ಲೇ ಬೆಳೆದ. ಈಗ ಊರಾಚೆ ಅವನದೊಂದು ಟೊಮೆಟೊ ತೋಟ. ಬೆಳೆ ಅಂದರೆ ಅವನಿಗೆ ಪ್ರಾಣ. ಅವನೇ ಇಪ್ಪತ್ತೆರಡು ಬೆಳೆಗಾರರ ಕಿವಿ ಕಚ್ಚಿ, ಮಾರುಕಟ್ಟೆಯ ಎದುರು ರಸ್ತೆಯ ಆ ಬದಿಗೆ ಒಂದು ಅಂಗಡಿ ಹಾಕಿಸಿದ. ಬೆಳೆದವರೇ ಮಾರುವ ಅಂಗಡಿ. ಗಾಜಿನ ಬಾಗಿಲು, ಬಿಳಿ ಗೋಡೆ, ಒಳಗೆ ತಣ್ಣನೆ ಗಾಳಿ.

ತಮ್ಮ ಒಂದು ಹಲಗೆಗೆ ತೂತು ಕೊರೆದು ಇಟ್ಟುಕೊಂಡಿದ್ದ. ಪ್ರತಿ ಹಣ್ಣನ್ನೂ ಆ ತೂತಿನ ಮೇಲಿಟ್ಟು ನೋಡುವುದು. ಸರಿಯಾಗಿ ಕೂತದ್ದು ಅಂಗಡಿಗೆ, ಆರಾರು ಸೇರಿ ಬಲೆಯ ಚೀಲದಲ್ಲಿ, ಎಲ್ಲಾ ಒಂದೇ ಬಣ್ಣ, ಒಂದೇ ಅಳತೆ. ಕೆಳಗೆ ಬಿದ್ದದ್ದು, ಒಳಗೆ ಹೋಗದೆ ಮೇಲೇ ನಿಂತದ್ದು, ಸೊಟ್ಟದ್ದು, ಗೆರೆ ಬಿದ್ದದ್ದು ನಾಲ್ಕನೇ ಕಂಬಕ್ಕೆ. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ಕುದಿಯೋ ನೀರಿಗೆ ಬಿದ್ದ ಮೇಲೆ ಸೊಟ್ಟಗಿದ್ರೇನು, ನೆಟ್ಟಗಿದ್ರೇನು?" ಅಂದುಬಿಟ್ಟಳು.

ಆದರೆ ಅಂಗಡಿಗೆ ಜನವೇ ಬರಲಿಲ್ಲ. ಬಂದರು, ಗಾಜಿನ ಬಾಗಿಲು ತಳ್ಳಿದರು, ಬಲೆ ಚೀಲ ನೋಡಿದರು, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು, ಹೊರಗೆ ಹೋದರು. ಹೋದವರು ನೆಟ್ಟಗೆ ರಸ್ತೆ ದಾಟಿ ಅಕ್ಕನ ಮುಂದೆ ಬಂದು ಕುಕ್ಕರಿಸಿದರು.

ಅದೇ ಹೊತ್ತಿಗೆ ಕೃಷಿ ಕಾಲೇಜಿನ ಹುಡುಗಿಯೊಬ್ಬಳು ಕಾಗದದ ಕಂತೆ ಹಿಡಿದು ಕಂಬದ ಹತ್ತಿರ ನಿಂತಳು. ಜನ ಎಲ್ಲಿ ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅನ್ನುವ ಸಮೀಕ್ಷೆ.

"ಎದುರಿಗೆ ಅಷ್ಟು ಚೆನ್ನಾಗಿರೋ ಅಂಗಡಿ ಇದೆಯಲ್ಲ ಸರ್, ಇಲ್ಲೇ ಯಾಕೆ ತಗೋತೀರಿ?" ಅಂತ ಮೇಷ್ಟ್ರನ್ನು ಕೇಳಿದಳು.

"ಅದು ಎಂದೋ ಕಿತ್ತ ಮಾಲಮ್ಮಾ. ಎಲ್ಲಾ ಒಂದೇ ಥರ ಇದೆ ಅಂದ್ರೆ ಏನೋ ಔಷಧಿ ಹೊಡೆದಿದಾರೆ ಅಂತಲೇ ಲೆಕ್ಕ. ಅಕ್ಕನದು ತಾಜಾ. ಮೂಸಿದ್ರೇ ಗೊತ್ತಾಗುತ್ತೆ" ಅಂದರು ಮೇಷ್ಟ್ರು.

"ಅಕ್ಕನ ಹಣ್ಣಿನ ರುಚಿಯೇ ಬೇರೆ. ಅಂಗಡಿಯದು ಸಪ್ಪೆ" ಅಂದಳು ನರ್ಸಮ್ಮ.

ಒಂದೇ ತೋಟ, ಒಂದೇ ಗಿಡ, ಬೆಳಿಗ್ಗೆ ಬಂದದ್ದು ಒಂದೇ ಗಾಡಿಯಲ್ಲಿ! ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗುತ್ತಾ ತಲೆ ಎತ್ತಿದರೆ, ರಸ್ತೆಯಾಚೆ ಗಾಜಿನ ಹಿಂದೆ ತಮ್ಮ ಒಬ್ಬನೇ ನಿಂತು ಬಲೆ ಚೀಲಗಳ ಧೂಳು ಒರೆಸುತ್ತಿದ್ದ. ಅವಳ ನಗು ಅಲ್ಲೇ ನಿಂತುಹೋಯಿತು.

ತಮ್ಮನ ಹೆಂಡತಿ ಬಂದು ವಿಷಯ ಹೇಳಿದಳು. ತಿಂಗಳ ಕೊನೆಯೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚುವುದೆಂದು ಬೆಳೆಗಾರರೆಲ್ಲ ಸೇರಿ ತೀರ್ಮಾನಿಸಿದ್ದಾರಂತೆ. "ಎಲ್ಲರನ್ನೂ ಒಪ್ಪಿಸಿದ್ದು ಇವರೇ ಅಲ್ವಾ ಅತ್ತಿಗೆ? ಊಟ ಸರಿಯಾಗಿ ಮಾಡ್ತಿಲ್ಲ. ಅವರಿಗೆಲ್ಲ ಹೇಗೆ ಮುಖ ತೋರಿಸಲಿ ಅಂತಾರೆ." ಹೇಳುತ್ತಾ ಅವಳ ಕಣ್ಣು ತುಂಬಿತು.

ಅಂಗಡಿ ಯಾಕೆ ನಡೆಯುತ್ತಿಲ್ಲ ಅನ್ನುವುದು ಅಕ್ಕನಿಗೆ ಮೊದಲ ದಿನವೇ ಗೊತ್ತಿತ್ತು. ಹೇಳುವುದೋ ಬಿಡುವುದೋ ಅನ್ನುವುದೇ ಕಷ್ಟ. ಹೇಳಿದರೆ ಅವಳ ಗಿರಾಕಿಗಳೆಲ್ಲ ಅತ್ತ ಹೋಗುತ್ತಾರೆ, ಇಪ್ಪತ್ತು ಹೆಜ್ಜೆ ತಾನೇ? ನೆರಳಿದೆ, ತಣ್ಣನೆ ಗಾಳಿಯಿದೆ, ಯಾರು ಬೇಡ ಅಂತಾರೆ?

"ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?" ಅಂದ ಗಂಡ.

"ಅವನಿಗೆ ನಡೆಯೋಕೆ ಕಲಿಸಿದ್ದೇ ನಾನು ಕಣ್ರೀ" ಅಂದಳು ಅಕ್ಕ.

"ಹಾಗಾದ್ರೆ ನನ್ನನ್ನೇನು ಕೇಳ್ತೀಯಾ? ಹೋಗು."

ಎರಡು ದಿನ ಅವಳು ಈರುಳ್ಳಿಯವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದಳು. ಮೂರನೇ ದಿನ ಬೆಳಿಗ್ಗೆ ತನ್ನ ರಾಶಿಯನ್ನು ಅವನ ಸುಪರ್ದಿಗೇ ಬಿಟ್ಟು, ಬುಟ್ಟಿ ಸೊಂಟಕ್ಕಿಟ್ಟುಕೊಂಡು ರಸ್ತೆ ದಾಟಿದಳು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದವಳೇ ಒಂದು ಬಲೆ ಚೀಲ ಎತ್ತಿ ಪರ್ರನೆ ಹರಿದಳು. ಆಮೇಲೆ ಇನ್ನೊಂದು.

"ಅಕ್ಕಾ! ನಿನಗೇನು ತಲೆ ಕೆಟ್ಟಿದೆಯಾ?" ತಮ್ಮ ಓಡಿಬಂದ. "ಅದನ್ನ ವಿಂಗಡಿಸೋಕೆ ಮೂರು ಜನಕ್ಕೆ ಅರ್ಧ ದಿನ ಹಿಡಿದಿದೆ!"

"ಅದೇ ನೀನು ಮಾಡಿದ ಎಡವಟ್ಟು. ಆರಿಸೋ ಕೆಲಸ ನೀನೇ ಮುಗಿಸಿಬಿಟ್ರೆ ಬಂದವರು ಏನು ಮಾಡ್ಬೇಕು? ಕೈ ಕಟ್ಕೊಂಡು ನಿಂತು ನಿನ್ನ ಹಣ್ಣಿಗೆ ಸಲಾಮು ಹೊಡೀಬೇಕಾ? ಮನೇಲಿ ಅವರ ಮಾತು ಯಾರೂ ಕೇಳಲ್ಲ, ಆಫೀಸಲ್ಲಿ ಯಾರೂ ಕೇಳಲ್ಲ. ಇಲ್ಲಿ ಬಂದು ಎರಡು ಹಣ್ಣಾದ್ರೂ ಬೇಡ ಅಂತ ತಳ್ಳೋದು ಬೇಡ್ವೇನೋ?"

ಬುಟ್ಟಿಯಲ್ಲಿ ತಂದಿದ್ದ ಸಣ್ಣದು, ದೊಡ್ಡದು, ಸೊಟ್ಟದ್ದನ್ನೆಲ್ಲ ಅವನ ಒಳ್ಳೇ ಹಣ್ಣಿನ ಮೇಲೆ ಸುರಿದಳು. ಕೈಯಾಡಿಸಿ ಬೆರೆಸಿ ರಾಶಿ ಕಟ್ಟಿದಳು. ಕೊನೆಗೆ ಬುಟ್ಟಿಯ ತಳದಿಂದ ಅಳಿಯನನ್ನು ತೆಗೆದು ಮುಂದೆ ಕೂರಿಸಿದಳು.

"ಒಡೆದ ಹಣ್ಣು!" ತಮ್ಮನ ಮುಖ ಬಿಳಿಚಿಕೊಂಡಿತು. "ನನ್ನ ಹೆಸರಿಗೆ ಮಸಿ ಬಳೀಬೇಕಂತ ಬಂದಿದೀಯಾ?"

"ಬಾಯ್ಮುಚ್ಕೊಂಡು ನಿಂತ್ಕೋ. ಯಾರಾದ್ರೂ ಎತ್ತಿ ತೋರಿಸಿದ್ರೆ ತಪ್ಪಾಯ್ತು ಅನ್ನು, ನಿಮ್ಮ ಕಣ್ಣು ಚುರುಕು ಅನ್ನು. ಅಷ್ಟೇ."

ಅಷ್ಟರಲ್ಲಿ ನರ್ಸಮ್ಮ ಅಕ್ಕನನ್ನು ಹುಡುಕುತ್ತಾ ಒಳಗೆ ಬಂದಳು. ರಾಶಿ ಕಂಡದ್ದೇ ಕೈ ತಾನಾಗಿ ಚಾಚಿತು. ಅಳಿಯನನ್ನು ಎರಡು ಬೆರಳಲ್ಲಿ ಎತ್ತಿ, "ಏನಪ್ಪಾ, ಇಂಥದ್ದನ್ನೂ ಇಟ್ಟಿದೀಯಲ್ಲಾ?" ಅಂದಳು. ತಮ್ಮ ತಡವರಿಸುತ್ತಾ ಕಲಿಸಿದ್ದನ್ನು ಒಪ್ಪಿಸಿದ. ನರ್ಸಮ್ಮ ಗೆದ್ದವಳ ಹಾಗೆ ನಕ್ಕು, ಒತ್ತಿ ಒತ್ತಿ ಆರಿಸಿ, ಎರಡು ಕಿಲೋ ತುಂಬಿಸಿಕೊಂಡು ಹೋದಳು. ತಮ್ಮ ಬಾಯಿ ಬಿಟ್ಟುಕೊಂಡು ಬಾಗಿಲು ನೋಡುತ್ತಲೇ ನಿಂತ.

ಆಮೇಲೆ ಏನಾಗಬೇಕಿತ್ತೋ ಅದೇ ಆಯಿತು. ಅಂಗಡಿ ತುಂಬಿತು, ನಾಲ್ಕನೇ ಕಂಬ ಬರಿದಾಯಿತು. ಅಂಗಡಿಯಲ್ಲೇ ಎಲ್ಲಾ ಖರ್ಚಾಗುತ್ತಿದ್ದರಿಂದ ಅಕ್ಕನಿಗೆ ಬರುವ ಮಾಲೂ ಅರ್ಧಕ್ಕರ್ಧ ಇಳಿಯಿತು. ಮೇಷ್ಟ್ರು ಒಂದು ದಿನ ಅಂಗಡಿಯ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಮಳೆ ಬರುತ್ತದೋ ಏನೋ ಅನ್ನುವ ಹಾಗೆ ಮೇಲೆ ನೋಡುತ್ತಾ ಅವಳ ಮುಂದೆಯೇ ಹಾದುಹೋದರು. ಮಾರುಕಟ್ಟೆಗೆ ತಗಡಿನ ಮಾಡು ಇದೆ, ಅದರೊಳಗೆ ಯಾವ ಮಳೆ?

ಅಕ್ಕ ನೊಣ ಹೊಡೆಯುತ್ತಾ ಕೂತಳು. ಗೊತ್ತಿದ್ದೇ ಮಾಡಿದ್ದು ನಿಜ. ಆದರೂ ತಮ್ಮ ಒಮ್ಮೆ ಬಂದು ಹೇಗಿದೀಯಾ ಅಂತ ಕೇಳಬಾರದಿತ್ತೇ ಅನ್ನುವ ಸಿಟ್ಟು. ಮೂರು ವಾರ ಅವಳು ರಸ್ತೆಯ ಆಚೆ ಬದಿಗೆ ತಲೆ ಎತ್ತಿಯೂ ನೋಡಲಿಲ್ಲ.

ಕೊನೆಗೆ ಅವನೇ ಬಂದ, ಮುಖ ಸಪ್ಪಗೆ ಮಾಡಿಕೊಂಡು. "ಅಕ್ಕಾ, ಬಾ. ಎರಡು ದಿನದಿಂದ ವ್ಯಾಪಾರ ಬಿದ್ದುಹೋಗಿದೆ."

ಹೋಗಿ ನೋಡಿದರೆ, ಅಯ್ಯೋ, ಬೆಳೆಗಾರರ ಬುದ್ಧಿಯೇ! ಒಬ್ಬ ಅಳಿಯನಿಂದ ಇಷ್ಟು ವ್ಯಾಪಾರ ಆದರೆ ಹತ್ತು ಅಳಿಯಂದಿರಿಂದ ಎಷ್ಟಾಗಬೇಡ ಅಂತ ಸಭೆ ಸೇರಿ ಲೆಕ್ಕ ಹಾಕಿದ್ದರು. ರಾಶಿಯ ಮುಂದೆ ಒಡೆದ ಹಣ್ಣುಗಳ ಒಂದು ಸಾಲು. ಅದೂ ಎಂಥದ್ದು, ಒಂದೇ ಬಣ್ಣ, ಒಂದೇ ಅಳತೆ!

"ಇವನ್ನೂ ಹಲಗೆ ತೂತಿಗೆ ಹಾಕಿ ಆರಿಸಿದ್ರೇನೋ?"

ತಮ್ಮ ತಲೆ ತಗ್ಗಿಸಿದ. ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. ಮೂರು ವಾರದ ಸಿಟ್ಟೆಲ್ಲ ಆ ನಗುವಿನಲ್ಲೇ ಇಳಿದುಹೋಯಿತು. ಒಬ್ಬನನ್ನು ಉಳಿಸಿ ಉಳಿದವರನ್ನು ಪಕ್ಕಕ್ಕೆ ತೆಗೆದಳು, ರಾಶಿ ಮತ್ತೆ ಕಟ್ಟಿದಳು.

"ನೀನೇ ಇಲ್ಲಿ ಬಂದು ಕೂತ್ಕೋ ಅಕ್ಕಾ," ತಮ್ಮ ಅಂದ. "ಎಲ್ಲರೂ ಒಪ್ಪಿದಾರೆ. ಉಳಿದವರ ಹಾಗೇ ನಿನಗೂ ಒಂದು ಪಾಲು. ಮೊದಲೇ ಬಂದು ಕೇಳ್ಬೇಕಿತ್ತು, ನಾಚಿಕೆಯಾಯ್ತು. ನಿನ್ನ ಗಿರಾಕಿಗಳನ್ನೆಲ್ಲ ಕಿತ್ಕೊಂಡು ನಿನ್ನ ಮುಂದೆ ಹೇಗೆ ಬರಲಿ?"

"ಕೂರ್ತೀನಿ. ನನ್ನ ಬೆನ್ನಿಗೊಂದು ಕಂಬ ನೆಡಿಸು ಮತ್ತೆ" ಅಂದಳು ಅಕ್ಕ.

"ಇವತ್ತು ಮನೆಗೆ ಸ್ವಲ್ಪ ಹಣ್ಣು ತಗೊಂಡು ಹೋಗು" ಅಂದ ತಮ್ಮ.

ಅವಳು ಬುಟ್ಟಿ ತಂದು, ಪಕ್ಕಕ್ಕೆ ತೆಗೆದಿದ್ದ ಒಡೆದ ಹಣ್ಣುಗಳನ್ನು ಒಂದೊಂದಾಗಿ ತುಂಬಿಸತೊಡಗಿದಳು.

"ಏನು ಮಾಡ್ತಿದೀಯಾ?"

"ನೀನೇ ಹೇಳಿದ್ಯಲ್ಲಾ, ಮನೆಗೆ."

"ಅವು ಒಡೆದಿವೆ ಅಕ್ಕಾ."

"ಅದಕ್ಕೇನೀಗ? ಕೆತ್ತಿದ್ರೆ ಆಯ್ತು."

ತಮ್ಮ ಬೆಳೆದದ್ದು ಅದೇ ಮನೆಯಲ್ಲಿ. ಭಾವ ಚಾಕು ಹಿಡಿದು ಹಣ್ಣು ತಿರುಗಿಸುತ್ತಿದ್ದದ್ದು, ಟೊಮೆಟೊ ಅಂದರೆ ಅರ್ಧವೇ ಇರುತ್ತದೆ ಅಂತ ತಾನು ಸಣ್ಣವನಿದ್ದಾಗ ತಿಳಿದುಕೊಂಡದ್ದು, ಎಲ್ಲಾ ನೆನಪಾಯಿತೋ ಏನೋ. ಬುಟ್ಟಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಕಸದ ಡಬ್ಬಿಗೆ ಬೋರಲು ಹಾಕಿದ. ಖಾಲಿ ಬುಟ್ಟಿಯನ್ನು ಮತ್ತೆ ಅವಳ ಕೈಗಿಟ್ಟ.

"ಆರಿಸು" ಅಂದ. "ರಾಶಿಯಿಂದ. ನಿನಗೆ ಬೇಕಾದ್ದು."

ಅಕ್ಕ ರಾಶಿಯ ಈಚೆ ಬದಿಗೆ ಬಂದು ನಿಂತಳು. ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು. ಮೂವತ್ತೊಂದು ವರ್ಷ ಸಾವಿರಾರು ಕೈ ನೋಡಿದವಳಿಗೆ ತನ್ನ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಆಮೇಲೆ ಒಂದನ್ನು ನರ್ಸಮ್ಮನ ಹಾಗೆ ಒತ್ತಿದಳು. ಇನ್ನೊಂದನ್ನು ಮೇಷ್ಟ್ರ ಹಾಗೆ ಮೂಸಿದಳು. ಎರಡು ಬೇಡ ಅಂತ ತಳ್ಳಿದಳು, ಖುಷಿಯಾಯಿತು. ಇನ್ನೂ ಮೂರು ತಳ್ಳಿದಳು. ನಡುವೆ ಮುಂದೆ ಕೂತ ಅಳಿಯನನ್ನೂ ಎತ್ತಿ, "ಥೂ, ಇದನ್ಯಾರು ಇಟ್ಟಿದ್ದು?" ಅಂತ ಪಕ್ಕಕ್ಕಿಟ್ಟಳು.

"ನೀನೇ" ಅಂದ ತಮ್ಮ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಕಾಲು ಗಂಟೆಯಲ್ಲಿ ಅವಳು ಆರಿಸಿದ್ದು ನಾಲ್ಕೇ ಹಣ್ಣು.

ಸಂಜೆ ಗಂಡ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು ಚಾಕು ತಗೊಂಡ. ಒಂದು ಹಣ್ಣು ಎತ್ತಿ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ಮತ್ತೆ ಬುಡ ನೋಡಿದ.

"ಎಲ್ಲಿ ಕೆತ್ತಬೇಕೇ ಇದನ್ನ?"

"ಎಲ್ಲೂ ಬೇಡ ಕಣ್ರೀ," ಅಂದಳು ಅಕ್ಕ. "ಇದು ಇಡೀ ತಿನ್ನೋದು."