ಎಲ್ಲ ಸ್ಟೇಷನ್ನಿನಲ್ಲೂ ಟಿಕ್ ಟಿಕ್

ಸರ್ದಾರ್ ಪಾಷಾ ರೇಡಿಯೊ ರಿಪೇರಿಯವನು. ತಾಲ್ಲೂಕು ಊರಾದ ಕೋಟೆಯಿಂದ ವಾರಕ್ಕೊಮ್ಮೆ ಅಂತರಸಂತೆ ಎಂಬ ಹಳ್ಳಿಗೆ ಬಂದು, ಸಂತೆಯ ಹುಣಸೆ ಮರದಡಿ ಗೋಣಿಚೀಲ ಹಾಸಿ ಕೂರುತ್ತಿದ್ದ. ಹದಿನಾಲ್ಕು ವರ್ಷದಿಂದ ಅದೇ ಜಾಗ. ತನ್ನ ಕಿವಿಯ ಬಗ್ಗೆ ಅವನಿಗೆ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಸುಮ್ಮನೆ ಬಂದ ಜಂಬವಲ್ಲ. ತೊಂಬತ್ತೆಂಟರ ಒಂದು ಸಂತೆಯಲ್ಲಿ ಮಾತ್ರ ಜಾಗವೂ ಮಾನವೂ ಒಟ್ಟಿಗೇ ಹೋಗುವ ಹಾಗಾಯಿತು.

ಕಾಡಂಚಿನಲ್ಲಿ ಜಮೀನಿದ್ದ ಚಿಕ್ಕಬೀರಯ್ಯ ಬಂದವನೇ ರೇಡಿಯೊ ಕುಕ್ಕಿದ. "ಏನ್ ಸಾಬ್ರೇ, ಇದ್ರೊಳಗೆ ಏನ್ ಮಡಗಿದ್ದೀರಿ? ಯಾವ ಸ್ಟೇಷನ್ ಆಕುದ್ರೂ ಟಿಕ್ ಟಿಕ್ ಅಂತದೆ. ತಿರ್ಗಾ ನಿಮ್ಮತ್ರನೇ ಬರ್ಲಿ ಅಂತ ತಾನೆ?"

ನನ್ನದೂ ಹಾಗೇ, ನನ್ನದೂ ಹಾಗೇ ಎಂದು ಹತ್ತು ಜನ ಸೇರಿದರು. ಎಲ್ಲವೂ ಪಾಷಾ ಕೈ ಹಾಕಿದ್ದ ರೇಡಿಯೊಗಳೇ. "ಜಾಗ ಖಾಲಿ ಮಾಡ್ಸಿ ಕಣ್ರಲಾ," ಎಂದ ಒಬ್ಬ. ಜೊತೆಗೆ ಕೂತು ಟೀ ಕುಡಿದವರ ಕಣ್ಣಲ್ಲೂ ಅನುಮಾನವಿತ್ತು.

ಪಾಷಾ ಚಿಕ್ಕಬೀರಯ್ಯನ ರೇಡಿಯೊ ಎತ್ತಿಕೊಂಡು ಸ್ಟೇಷನ್ ಮುಳ್ಳು ತಿರುಗಿಸುತ್ತಾ ಕಿವಿಗೊಟ್ಟ. ಸ್ಟೇಷನ್ನಾಗಿದ್ದರೆ ಒಂದು ಕಡೆ ಸಿಗಬೇಕು. ಇದು ಈ ತುದಿಯಿಂದ ಆ ತುದಿವರೆಗೂ ಇದೆ. ಮಿಂಚಾಗಿದ್ದರೆ ಲೆಕ್ಕ ತಪ್ಪಬೇಕು. ಇದು ಇಪ್ಪತ್ತು ಸಲ ಎಣಿಸಿದರೂ ಒಂದೇ ಸಮ, ಸೆಕೆಂಡಿಗೊಂದು. ಈ ಸೀಮೆಯಲ್ಲಿ ಹಾಗೆ ಮಿಡಿಯುವುದು ಆನೆ ತಡೆಯಲು ಊರವರು ಹಾಕಿಸಿದ್ದ ಸೋಲಾರ್ ಬೇಲಿ ಒಂದೇ. ಬೇಲಿ ಸರಿಯಿದ್ದರೆ ಇಷ್ಟು ಕೂಗುವುದಿಲ್ಲ. ಎಲ್ಲೋ ಕಿಡಿ ಹಾರುತ್ತಿದೆ.

"ನಾ ಮುಟ್ಟದೇ ಇರೋ ರೇಡಿಯೊ ಒಂದ್ ಕೊಡಿ," ಎಂದ.

ಗುಂಪಿನಲ್ಲಿದ್ದ ಮಲ್ಲಾಜಮ್ಮ ತನ್ನ ಹೊಸ ರೇಡಿಯೊ ಕೊಟ್ಟಳು. ಹಿಂದಿನ ವಾರವಷ್ಟೇ ಅವಳ ರಾಗಿಯನ್ನು ಆನೆ ತುಳಿದುಹಾಕಿತ್ತು. ಬೇಲಿಯಲ್ಲಿ ಕರೆಂಟೇ ಸಾಲದು ಎಂದು ಊರೆಲ್ಲ ಬೈದುಕೊಂಡು ತಿರುಗಿದ್ದಳು. ಅವಳ ರೇಡಿಯೊದಲ್ಲೂ ಟಿಕ್ ಟಿಕ್.

"ಬನ್ನಿ ನನ್ ಜೊತೆ. ಸದ್ದು ಎಲ್ಲಿ ಜೋರಾಯ್ತದೋ ಅಲ್ಲಿಗೇ ಹೋಗಣ," ಎಂದು ಪಾಷಾ ಎದ್ದ.

ಸಂತೆಯ ಅರ್ಧ ಜನ ಹಿಂದೆ ಬಿದ್ದರು. ಮೊದಲು ಎಲ್ಲರಿಗಿಂತ ಮುಂದಿದ್ದ ಚಿಕ್ಕಬೀರಯ್ಯ ಬೇಲಿ ಹತ್ತಿರವಾದಂತೆ ಹಿಂದೆ ಹಿಂದೆ ಸರಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ! ಸದ್ದು ಕಿವಿ ಹರಿಯುವಷ್ಟಾದದ್ದು ಅವನದೇ ಬಾಳೆತೋಟದಲ್ಲಿ. ಊರ ಬೇಲಿಯಿಂದ ಕದ್ದು ತೋಟದ ಸುತ್ತ ಎಳೆದಿದ್ದ ತಂತಿ ಹಸಿ ಬಾಳೆಗೆ ತಗುಲಿ ಕಿಡಿ ಕಾರುತ್ತಿತ್ತು. ಆ ತಂತಿಗೂ ರೇಡಿಯೊಗೂ ನಂಟಿದೆಯೆಂದು ಪಾಪ, ಅವನಿಗೇನು ಗೊತ್ತು.

"ನಿನ್ ಬಾಳೆ ಉಳುಸ್ಕೊಳ್ಳಕೆ ನನ್ ರಾಗಿಗೆ ಆನೆ ಬುಟ್ಯಲ್ಲೋ, ಥೂ!" ಎಂದಳು ಮಲ್ಲಾಜಮ್ಮ. "ಅದ್ ಸಾಲ್ದು ಅಂತ ಸಾಬ್ರ ಮ್ಯಾಲೆ ಗೂಬೆ ಕೂರುಸ್ತೀಯಾ?"

ಚಿಕ್ಕಬೀರಯ್ಯನ ಕಳ್ಳ ತಂತಿಯನ್ನು ಅಂದೇ ಕಿತ್ತುಹಾಕಿದರು. ಮುಂದಿನ ಸಂತೆಗೆ ಪಾಷಾನ ಜಾಗ ಹಾಗೇ ಇತ್ತು. ಯಾರೋ ಟೀ ತಂದುಕೊಟ್ಟರು. ಆದರೆ ಬೇಲಿ ಪಕ್ಕದ ಜಮೀನಿನ ಐದು ಜನ ರೇಡಿಯೊವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, ಅವನ ಕಣ್ಣು ತಪ್ಪಿಸಿ, ಬೇರೆ ರಿಪೇರಿಯವನನ್ನು ಹುಡುಕಿ ಕೋಟೆಯ ಬಸ್ಸು ಹತ್ತಲು ನಿಂತಿದ್ದರು.

ಪಾಷಾ ತನ್ನ ರೇಡಿಯೊ ಹಾಕಿದ. ಟಿಕ್ ಟಿಕ್ ಇನ್ನೂ ಇತ್ತು. ತಲೆಯೆತ್ತಿ ಆ ಐದು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಅವರಲ್ಲಿ ಒಬ್ಬರೂ ಇತ್ತ ತಿರುಗಲಿಲ್ಲ.