ಮಡಚಲಾಗದ ಮೂಲೆ

ನಮ್ಮ ವಧು-ವರ ಕೇಂದ್ರದಲ್ಲಿ ಒಂದು ರೂಢಿಯಿದೆ. ನಿಶ್ಚಯವಾದರೂ ಸರಿಯೇ, ಮದುವೆಯ ಹಂದರದಲ್ಲಿ ಅಕ್ಕಿಕಾಳು ಬೀಳುವ ತನಕ ಹುಡುಗಿಯ ಮಾಹಿತಿಯನ್ನು ತೆಗೆದುಹಾಕುವುದಿಲ್ಲ. ಮೊದಲೇ ತೆಗೆದರೆ ಅಪಶಕುನ ಎಂದು ಅವ್ವನ ನಂಬಿಕೆ. ಅವಳು ಸಿಂದಗಿಯಲ್ಲಿ ಮನೆ ಮನೆ ತಿರುಗಿ ಸಂಬಂಧ ಕೂಡಿಸುತ್ತಿದ್ದಾಗ, ನೋಟ್‌ಬುಕ್ಕಿನಲ್ಲಿ ನಿಶ್ಚಯವಾದವರ ಪುಟದ ಮೂಲೆಯನ್ನು ಮಡಚಿ ಅದರ ಮೇಲೆ ತಾರೀಖು ಬರೆದಿಡುತ್ತಿದ್ದಳು. ಆ ಪುಟವನ್ನು ಆಮೇಲೆ ಯಾರಿಗೂ ತೋರಿಸುತ್ತಿರಲಿಲ್ಲ. ಕೇಂದ್ರ ನನ್ನ ಕೈಗೆ ಬಂದ ಮೇಲೆ ನಾನೂ ಹಾಗೇ ಮಾಡಿದೆ, ಜೊತೆಗೆ ಎಲ್ಲರ ಮಾಹಿತಿಯನ್ನು ವೆಬ್‌ಸೈಟಿಗೂ ಹಾಕಿಸಿದೆ. ವೆಬ್‌ಸೈಟಿಗೆ ಮೂಲೆ ಇರುವುದಿಲ್ಲ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಸೈಟ್ ಮಾಡಿಕೊಟ್ಟ ವಿಜಯಪುರದವರು ಒಂದು ದಿನ ಹೇಳಿದರು: "ಮೇಡಮ್ಮರ, ದಿನಾ ಏನರೆ ಹೊಸಾದು ಕಾಣಬೇಕ್ರಿ. ಇಲ್ಲಂದ್ರ ಸರ್ಚಿನ್ಯಾಗ ತಳಕ್ಕ ಹೋಗ್ತೀರಿ."

ಅದಕ್ಕೊಂದು ವ್ಯವಸ್ಥೆಯನ್ನೂ ಅವರೇ ಮಾಡಿದರು. ಪ್ರತಿ ಮುಂಜಾನೆ ಸೈಟು ತಾನಾಗಿಯೇ ನಾಲ್ಕು ಜನರ ಮಾಹಿತಿ ಆರಿಸಿ, ಅವತ್ತಿನ ತಾರೀಖು ಹಾಕಿ, 'ಇಂದು ಸೇರಿದವರು' ಎಂದು ಮೇಲೆ ತೋರಿಸುತ್ತಿತ್ತು. ಹಳಬರನ್ನೇ ಹೊಸಬರೆಂದು ತೋರಿಸುವುದು ಸುಳ್ಳಲ್ಲವೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಇಂಡಿ, ಚಡಚಣದವರು ಹುಡುಕಿದರೂ ನಮ್ಮ ಕೇಂದ್ರವೇ ಮೊದಲು ಬರತೊಡಗಿದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಒಂದು ಬೆಳಿಗ್ಗೆ ಮುದ್ದೇಬಿಹಾಳದಿಂದ ಫೋನು ಬಂತು. ಬಸವನ ಬಾಗೇವಾಡಿಯ ಶಿಕ್ಷಕಿಯೊಬ್ಬಳಿಗೆ ನಾನೇ ಕೂಡಿಸಿದ್ದ ಸಂಬಂಧ ಅದು. ಮಾತಾಡಿದವರು ಹುಡುಗನ ತಾಯಿ.

"ನಿಶ್ಚೆ ಆಗಿ ಇಪ್ಪತ್ತ ದಿನ ಆತು. ನಮ್ಮ ಸೊಸಿ ಇವತ್ತ ಹೊಸದಾಗಿ ಹೆಸರ ಹಚ್ಚ್ಯಾಳಂತ ನಿಮ್ಮ ಸೈಟಿನ್ಯಾಗ ಐತಿ. ಏನ್ ನಾಟಕರಿ ಇದು?"

ಕೂಡಲೇ ಸೈಟಿನಿಂದ ಅವಳ ಪುಟ ಅಳಿಸಿದೆ, ಮುಂಜಾನೆಯ ವ್ಯವಸ್ಥೆಯನ್ನೇ ನಿಲ್ಲಿಸಲು ಹೇಳಿದೆ. ಆಮೇಲೆ ಸರ್ಚಿನಲ್ಲಿ ಹುಡುಕಿ ನೋಡಿದರೆ ಮೊದಲ ಸಾಲಿನಲ್ಲೇ ಅವಳ ಫೋಟೋ, ಪಕ್ಕದಲ್ಲಿ ಅವತ್ತಿನ ತಾರೀಖು.

"ಸೈಟಿನ್ಯಾಗ ಇಲ್ರಿ ಈಗ," ಎಂದರು ವಿಜಯಪುರದವರು. "ಸರ್ಚಿನ್ಯಾಗಿಂದು ಹೋಗಾಕ ಸ್ವಲ್ಪ ದಿನ ಹಿಡೀತಾವ. ಅರ್ಜಿ ಹಾಕೇನ್ರಿ. ಅದು ನಮ್ಮ ಕೈಯಾಗಿಲ್ಲ."

ಮೇಲೇರಿಸುವಾಗ ಎಲ್ಲವೂ ಅವರ ಕೈಯಲ್ಲಿತ್ತು! ಸಿಟ್ಟಿನಿಂದ ಫೋನ್ ಇಟ್ಟು, ನೋಟ್‌ಬುಕ್ ಎತ್ತಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೊಬೈಲ್ ತೆಗೆದು ನೋಡುವುದು, ಮುಚ್ಚುವುದು ಇದೇ ಆಯಿತು. ನನ್ನ ಹೆಸರು ಕೆಟ್ಟರೆ ಕೆಡಲಿ, ಆ ಹುಡುಗಿಯ ಮದುವೆ ಮುರಿದರೆ ಅವಳ ಮುಖ ಹೇಗೆ ನೋಡಲಿ?

ಹುಡುಗನ ತಾಯಿ ಒಳಗೆ ಕರೆದು ಚಹಾ ಕೊಟ್ಟರು. ನೋಟ್‌ಬುಕ್ ಬಿಚ್ಚಿ ಅವರ ಮುಂದಿಟ್ಟೆ.

"ಈ ಮೂಲಿ ನಿಶ್ಚೆ ದಿನಾನ ಮಡಚೇನ್ರಿ. ತಾರೀಖ ನೋಡ್ರಿ. ತಪ್ಪು ನಂದು, ಹುಡುಗಿದಲ್ಲ."

ಅವರು ಮಡಿಕೆಯ ಮೇಲೆ ಬೆರಳಾಡಿಸಿ ತಾರೀಖು ಓದಿದರು. "ನನಗೇನೋ ತಿಳೀತ್ರಿ. ಬೀಗರು ಬಿಜ್ಜರಿಗೆಲ್ಲಾ ಈ ಪುಸ್ತಕ ತೋರಿಸ್ಕೋತ ತಿರಗಲೇನು?"

ನಾನು ನೋಟ್‌ಬುಕ್ ಮುಚ್ಚಿದೆ. ಮದುವೆ ಮಾತ್ರ ನಿಲ್ಲಿಸುವುದಿಲ್ಲ ಎಂದರು ಅವರು.

ಅಂದಿನಿಂದ ಹುಡುಗಿ ದಿನಾ ಸಾಲೆಗೆ ಹೋಗುವ ಮೊದಲು ನನಗೆ ಫೋನು ಮಾಡುತ್ತಿದ್ದಳು. "ಫೋಟೋ ಹೋತೇನ್ರಿ, ಅಕ್ಕಾರ?" ಸಾಲೆಯಲ್ಲಿ ಯಾರೋ, ಬೇರೆ ಹುಡುಗನನ್ನು ನೋಡುತ್ತಿದ್ದೀಯಂತೆ ಎಂದು ಕೇಳಿದ್ದರಂತೆ. ಅದನ್ನು ಹೇಳುವಾಗ ಅವಳ ದನಿ ಒಡೆಯಿತು. ನಾಳೆ ಹೋಗುತ್ತದೆ ಎಂದು ನಾನು ದಿನವೂ ಹೇಳಿದೆ.

ಮದುವೆಯ ದಿನ ಹಂದರದಲ್ಲಿ ಅವಳ ಹತ್ತಿರ ಹೋದೆ. ಬಾಸಿಂಗ ಕಟ್ಟಿಕೊಂಡು ಕುಳಿತಿದ್ದವಳು ತಲೆ ಎತ್ತಿ ಮೆಲ್ಲಗೆ ಅದನ್ನೇ ಕೇಳಿದಳು. "ಹೋತೇನ್ರಿ?"

"ಹೋತವ್ವ," ಎಂದೆ.

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಅವತ್ತು ಬಸ್ಸಿಳಿದಾಗಲೇ ನಾನು ಮೊಬೈಲಿನಲ್ಲಿ ಹುಡುಕಿ ನೋಡಿದ್ದೆ, ಫೋಟೋ ಇನ್ನೂ ಅಲ್ಲೇ ಇತ್ತು. ಕೈಯಲ್ಲಿದ್ದ ಅಕ್ಕಿಕಾಳು ಬೆವರಿಗೆ ಒದ್ದೆಯಾಗಿದ್ದವು.