ಬಾಗಿಲಿಗೆ ಒಂದು ಓಟು

ಮೊಳಕಾಲ್ಮೂರಿನ ನೇಕಾರರ ಬೀದಿಗೆ ಸೊಸೆಯಾಗಿ ಬಂದ ವಾರದಲ್ಲೇ ಆ ಮನೆ ಯಾರದೆಂಬುದು ನನಗೆ ತಿಳಿದುಹೋಯಿತು. ಅದು ಮಗ್ಗದ ಮನೆ. ಅತ್ತೆ, ನನ್ನ ಗಂಡ, ನಾನು, ಮೂವರೂ ಅದರಲ್ಲಿ ಒಕ್ಕಲಿದ್ದವರು. ಇದ್ದದ್ದೇ ಒಂದು ಕೋಣೆ. ಅದರಲ್ಲಿ ಅರ್ಧ ಮಗ್ಗಕ್ಕೆ, ಉಳಿದರ್ಧದಲ್ಲಿ ಒಲೆ, ನೀರಿನ ಕೊಡ, ದೇವರು, ಅತ್ತೆಯ ಹಾಸಿಗೆ. ಮೂಲೆಯಲ್ಲಿ ಹಗ್ಗಕ್ಕೆ ಹಳೆಯ ಸೀರೆ ಇಳಿಬಿಟ್ಟಿದ್ದರು, ಅದರ ಹಿಂದೆ ನಾವಿಬ್ಬರು. ಸಿದ್ದಾಪುರದ ನನ್ನ ತವರಿನಲ್ಲಿ ಕುರಿ ರೊಪ್ಪಕ್ಕೂ ಬಾಗಿಲಿತ್ತು. ಇದನ್ನು ಗಂಡನಿಗೆ ಹೇಳಿ ಹೇಳಿ ಹಂಗಿಸುತ್ತಿದ್ದೆ.

ಮಾವ ತೀರಿಕೊಂಡ ಮೇಲೆ ರೇಷ್ಮೆ ಸೀರೆ ನೇಯುವ ಕೆಲಸ ಪೂರ್ತಿ ಅತ್ತೆಯ ಪಾಲಿಗೆ ಬಂದಿತ್ತು. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೆ ಕರೆದಾಗಲೇ ಏಳುವುದು. ಗಂಡ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಅವರು ಮುಖ ತೊಳೆದು ಮೂಲೆಯ ಸೀರೆಯ ಹಿಂದೆ ಬಂದು ಕೂತ ಮೇಲೆ ನಮ್ಮ ಮಾತು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆವು. ಮಗ್ಗ ಆಡುವಾಗ ಮಾತಾಡುವುದು, ಲಾಳಿ ನಿಂತೊಡನೆ ಬಾಯಿ ಮುಚ್ಚುವುದು. ಆ ಖಟಖಟದ ನಡುವೆ ಒಬ್ಬರದು ಒಬ್ಬರಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಆಡುತ್ತಿದ್ದೆವು. ಕತ್ತಲಾದರೂ ಅತ್ತೆ ಮಗ್ಗ ಬಿಡುತ್ತಿರಲಿಲ್ಲ. ಮುದುಕಿಗೆ ಎಷ್ಟು ದುಡಿದರೂ ಸಾಲದು ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವರ ಗೊರಕೆಯನ್ನೂ, ಸಾರಿಗೆ ಸುರಿಯುವ ಉಪ್ಪನ್ನೂ ಬಿಟ್ಟವಳಲ್ಲ.

ಪಟ್ಟಣ ಪಂಚಾಯಿತಿ ಚುನಾವಣೆ ಬಂದ ಹೊತ್ತಿಗೇ ಮನೆಯ ಮಾಲೀಕರೂ ಬಂದರು. ಯುಗಾದಿ ಕಳೆದ ಮೇಲೆ ಮನೆ ಕೆಡವಿ ಅಂಗಡಿ ಕಟ್ಟಿಸುತ್ತೇನೆ, ಬೇರೆ ಕಡೆ ನೋಡಿಕೊಳ್ಳಿ ಎಂದರು. ನೆಲ ಅಗೆದು ಗುಣಿ ತೋಡುವವರಿಗೆ ಯಾರು ಬಾಡಿಗೆ ಮನೆ ಕೊಡುತ್ತಾರೆ? ನಮ್ಮ ವಾರ್ಡಿನಲ್ಲಿ ನಿಂತಿದ್ದ ಮೂವರೂ ಬಡವರಿಗೆ ಮನೆ ಕೊಡಿಸುವ ಮಾತನ್ನೇ ಆಡುತ್ತಿದ್ದರು.

"ಓಟು ಕೇಳಾಕೆ ಬರ್ಲಿ, ಒಬ್ಬೊಬ್ಬರನ್ನೇ ವಿಚಾರ್ಸಾನ" ಎಂದರು ಅತ್ತೆ.

ಅವರಿಗೆ ಬೇಕಿದ್ದದ್ದು ಗುಣಿ ತೋಡಲು ನೆಲ. ನನಗೆ ಬೇಕಿದ್ದದ್ದು ಬಾಗಿಲಿರುವ ಒಂದು ಕೋಣೆ. ಅವರದನ್ನು ಬೀದಿಗೆಲ್ಲ ಸಾರಬಹುದಿತ್ತು. ನನ್ನದನ್ನು ಹೊಸ ಸೊಸೆ ಬಾಯಿಬಿಟ್ಟು ಹೇಳುವುದು ಹೇಗೆ?

ಮೊದಲು ಬಂದವರು ಆಟೊ ಗುರುತಿನವರು. ಅತ್ತೆ ಗುಣಿಯಿಂದ ಏಳಲಿಲ್ಲ, ಅಲ್ಲಿಂದಲೇ ಕೈ ಮುಗಿದರು. ಮೂರಂತಸ್ತಿನ ಕಟ್ಟಡ ಎಬ್ಬಿಸಿ ಎಲ್ಲರಿಗೂ ಒಂದೊಂದು ಮನೆ ಕೊಡುತ್ತೇವೆ ಎಂದು ಅವರು ತೆಲುಗಿನಲ್ಲಿ ಶುರು ಮಾಡಿದರು. ಅತ್ತೆಯೂ ತೆಲುಗಿನಲ್ಲೇ, "ಮಗ್ಗಂ ಎಕ್ಕಡ ಪೆಟ್ಟಾಲಿ?" ಎಂದು ಕೇಳಿದರು. ಮಗ್ಗ ಎಲ್ಲಿಡಬೇಕು ಎಂಬ ಪ್ರಶ್ನೆ ಅವರಿಗೆ ಹೊಸದು.

"ಮ್ಯಾಲಕ್ಕೆ ಸಾಗ್ಸಾಕೆ ಲಿಫ್ಟ್ ಹಾಕ್ಸಾನ ಬಿಡವ್ವ" ಎಂದು ಕನ್ನಡಕ್ಕೆ ಇಳಿದರು.

"ಮಗ್ಗ ಲಿಫ್ಟಲ್ಲಿ ಹೋತಪ್ಪ. ಗುಣಿ? ಮ್ಯಾಲಿನ ಮನೇಲಿ ಗುಣಿ ತೋಡಿದ್ರೆ ನನ್ನ ಕಾಲು ಕೆಳಗಿನ ಮನೆಯೋರ ಮುದ್ದೆ ತಟ್ಟೆಗೆ ಇಳೀತಾವೆ."

ಜೊತೆಗೆ ಬಂದವರೇ ನಕ್ಕುಬಿಟ್ಟರು. ಆಟೊದವರೂ ನಕ್ಕು, ನೀರು ಕುಡಿದು ಮುಂದಿನ ಮನೆಗೆ ಹೋದರು.

ಎರಡನೆಯವರು ಸಿಲಿಂಡರ್ ಗುರುತಿನವರು. ಊರ ಹೊರಗೆ ಗುಡ್ಡದ ಬುಡದಲ್ಲಿ ಸೈಟು, ಅದರಲ್ಲಿ ಕಟ್ಟಿಸಿದ ಮನೆ. ನಕ್ಷೆ ಅಚ್ಚಾದ ಕರಪತ್ರವನ್ನು ನನ್ನ ಕೈಗೇ ಕೊಟ್ಟರು. ಹಾಲ್, ಅಡಿಗೆ ಮನೆ, ಒಂದು ಕೋಣೆ. ಆ ಕೋಣೆಗೆ ಬಾಗಿಲು ಬರೆದಿದ್ದರು, ಅದು ಯಾವ ಕಡೆ ತೆರೆಯುತ್ತದೆ ಎಂದು ಗೆರೆ ಎಳೆದು ತೋರಿಸಿದ್ದರು. ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತು. ಆದರೆ ಆ ಗುಡ್ಡದ ಬುಡವನ್ನು ತವರಿಗೆ ಹೋಗುವಾಗೆಲ್ಲ ನೋಡಿದವಳು ನಾನು, ಗೇಣು ಅಗೆದರೆ ಬಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

"ಅಲ್ಲಿ ಗುಣಿ ತೋಡಾಕಾಗಲ್ಲ ಅತ್ತೆ, ಬರೀ ಬಂಡೆ" ಎಂದು ನಾನೇ ಅಂದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಲಾಳಿ ಓಡಿಸಿದರು.

ಅವತ್ತು ಸಂಜೆ ಮಗ್ಗ ಆಡುತ್ತಿದ್ದಾಗ ಗಂಡ ಕೇಳಿದರು. "ಯಾರಿಗೆ ಹಾಕ್ತೀಯ ಓಟು?"

"ಬಾಗ್ಲಿಗೆ" ಎಂದೆ. "ಕೋಣೆಗೆ ಬಾಗ್ಲು ಇಡಿಸ್ತೀನಿ ಅಂತ ಕತ್ತೆ ಬಂದು ನಿಂತ್ರೂ ಅದಕ್ಕೇ ಹಾಕ್ತೀನಿ. ನಿಮ್ಮವ್ವಗೆ ಮಗ್ಗ ಬಿಟ್ರೆ ಲೋಕ ಇಲ್ಲ."

ಮೂರನೆಯವರು ಹೊಲಿಗೆ ಯಂತ್ರ ಗುರುತಿನ ಅಕ್ಕ. ಕರಪತ್ರವೂ ಇಲ್ಲ, ಹಿಂದೆ ಜನವೂ ಇಲ್ಲ. ಬೀದಿಯ ಹಿಂದಿನ ಪಾಳುಜಾಗದಲ್ಲಿ ಬಾಡಿಗೆಯವರಿಗೆ ಸಣ್ಣ ಮನೆಗಳು, ಎಲ್ಲರ ಮಗ್ಗಕ್ಕೂ ಸೇರಿ ಬೇರೆ ಒಂದು ಶೆಡ್ಡು. ಇದಕ್ಕೇ ಬಡಿದಾಡುತ್ತೇನೆ, ಗೆದ್ದ ಕೂಡಲೇ ಆಗುತ್ತದೆ ಅಂತ ಸುಳ್ಳು ಹೇಳಲ್ಲ ಎಂದರು. ಇವರ ಕತೆ ಮುಗಿಯಿತು ಎಂದುಕೊಂಡೆ. ಮಗ್ಗ ಮನೆ ಬಿಟ್ಟು ಹೊರಗೆ? ನನ್ನ ಅತ್ತೆಯ ಮುಂದೆ?

ಅತ್ತೆ ಲಾಳಿ ನಿಲ್ಲಿಸಿದರು. "ಆ ಸಣ್ಣ ಮನೇಲಿ ಕೋಣೆ ಇರ್ತೈತೇನವ್ವ?"

"ಒಂದು ಇರ್ತೈತ್ರಿ."

"ಬಾಗ್ಲು?"

"ಇರ್ತೈತೆ."

"ಒಳಗಿಂದ ಚಿಲಕ?"

ಅಕ್ಕ ಅರ್ಥವಾಗದೆ ನನ್ನ ಮುಖ ನೋಡಿದರು. ಅತ್ತೆ ತಣ್ಣಗೆ ಹೇಳಿದರು. "ನಂಗೇನಲ್ಲವ್ವ. ನಮ್ಮ ಸೊಸೆ ಬಾಗ್ಲಿಗೇ ಓಟು ಹಾಕ್ತಾಳಂತೆ. ಕತ್ತೆ ನಿಂತ್ರೂ ಸೈಯಂತೆ. ಕತ್ತೆಗಿಂತ ನೀನು ವಾಸಿ ಕಾಣ್ತೀಯ. ಮಗ್ಗ ಶೆಡ್ಡಿಗೆ ಹೋಗ್ಲಿ ಬಿಡು, ನಡ್ಕೊಂಡು ಹೋಗಿ ನೇಯ್ತೀನಿ."

ನೆಲ ಬಾಯಿಬಿಟ್ಟಿದ್ದರೆ ಒಳಗೆ ಇಳಿಯುತ್ತಿದ್ದೆ. ಇದ್ದ ಒಂದೇ ಗುಣಿಯಲ್ಲಿ ಅತ್ತೆ ಕೂತಿದ್ದರು. ಅಕ್ಕ ನಗುತ್ತಾ ಹೋದ ಮೇಲೆ ಹತ್ತಿರ ಹೋಗಿ ಕೇಳಿದೆ. "ಮಗ್ಗ ಆಡ್ತಿತ್ತಲ್ಲ ಅತ್ತೆ, ಹೆಂಗೆ ಕೇಳ್ತು?"

"ಈ ಸದ್ದಿನಾಗೇ ಒಂದು ಎಳೆ ಕಿತ್ರೆ ನಂಗೆ ಗೊತ್ತಾಗ್ತೈತೆ. ನಿಮ್ಮ ಅರಚಾಟ ಕೇಳಲ್ವ?"

"ಹಂಗಾದ್ರೆ ಉಪ್ಪಿಂದೂ..."

"ಗೊರಕೆದೂ ಕೇಳೀನಿ."

"ಮತ್ತೆ ಒಂದಿನಾನೂ ಅನ್ಲಿಲ್ಲ?"

ಅತ್ತೆ ಕಡಿದ ಎಳೆಯೊಂದನ್ನು ಹುಡುಕಿ ಹೊಸೆಯುತ್ತಾ ಹೇಳಿದರು. "ಕೇಳ್ತೈತೆ ಅಂದಿದ್ರೆ ನೀವು ಎಲ್ಲಿ ಮಾತಾಡ್ತಿದ್ರಿ? ಅವನು ದಿನಾ ದಣಿದು ಬರ್ತಾನೆ. ನೀವಿಬ್ರೂ ಒಂದಿಷ್ಟು ಆಡ್ಕಳ್ಳಿ ಅಂತ ಕತ್ತಲಾದ್ರೂ ಮಗ್ಗ ಬಿಡ್ತಿರ್ಲಿಲ್ಲ."

ದುಡಿಮೆಯ ದುರಾಸೆ ಎಂದು ನಾನು ಬೈದುಕೊಂಡ ಸಂಜೆಗಳೆಲ್ಲ ನೆನಪಾದವು. ಅಳು ಬಂತು, ಜೊತೆಗೇ ನಗುವೂ ಬಂತು. ಅವತ್ತು ಸಾರಿಗೆ ಉಪ್ಪು ಅವರೇ ಹಾಕಿದರು, ನಾನು ಎರಡು ಸಲ ಬಡಿಸಿಕೊಂಡೆ.

ಹೊಲಿಗೆ ಯಂತ್ರದ ಅಕ್ಕ ಗೆದ್ದರು, ಹೇಳಿದಂತೆ ಬಡಿದಾಡಿದರು. ಯುಗಾದಿ ಬಂದು ಹೋಯಿತು. ಸರ್ಕಾರಿ ಮನೆ ಸರ್ಕಾರಿ ವೇಗದಲ್ಲೇ ಎದ್ದಿತು. ಮಾಲೀಕರ ಅಂಗಡಿಯೂ ಅಷ್ಟೇ ನಿಧಾನವಾದದ್ದು ನಮ್ಮ ಪುಣ್ಯ. ಶೆಡ್ಡಿಗೆ ಪೂಜೆ ಮಾಡಿ ಇಟ್ಟ ಅಡಿಗಲ್ಲು ಮಾತ್ರ ಇನ್ನೂ ಹಾಗೇ ಕೂತಿದೆ. ಹಾಗಾಗಿ ಹೊಸ ಮನೆಯ ಹಾಲ್‌ನ ನೆಲ ಒಡೆದು ಗುಣಿ ತೋಡಿದೆವು, ಮಗ್ಗ ನಮ್ಮ ಜೊತೆಗೇ ಬಂತು.

ಒಕ್ಕಲು ಬಂದ ದಿನ ಸಂಜೆ ನೆಂಟರೆಲ್ಲ ಹೋದ ಮೇಲೆ ನಾವಿಬ್ಬರೂ ಕೋಣೆಗೆ ಹೋಗಿ ಬಾಗಿಲು ಹಾಕಿದೆವು. ಚಿಲಕ ನಾನೇ ಏರಿಸಿದೆ. ಎದುರುಬದುರು ಕೂತೆವು. ಇಷ್ಟು ದಿನ ಕಾದ ಬಾಗಿಲು ಬಂದಿದೆ, ಮಾತೇ ಹೊರಡಲೊಲ್ಲದು. ಗಂಡ ಗಂಟಲು ಸರಿ ಮಾಡಿಕೊಂಡರು. ನಾನು ಹೊಸ ಗೋಡೆಯ ಸುಣ್ಣ ನೋಡಿದೆ. ಆ ನಿಶ್ಶಬ್ದದಲ್ಲಿ ಮಾತಾಡಿ ಇಬ್ಬರಿಗೂ ಅಭ್ಯಾಸವೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಅತ್ತೆ ಗುಣಿಗಿಳಿದ ಸದ್ದಾಯಿತು. ಆಮೇಲೆ ಮಗ್ಗ ಶುರುವಾಯಿತು.